ಚಪ್ಪಟೆ ಬಾಡಿಯ ಬಾಲ್ಸಾ ವಿಮಾನ: ಕಟ್ಟೋದ್ರಿಂದ ಹಾರಿಸೋವರೆಗೆ

ವಿಮಾನನ ಪಕ್ಕದಿಂದ ನೋಡಿದಾಗ ಕಾಣೋ ಆಕಾರ ಇದ್ಯಲ್ಲ, ಅದನ್ನ ಬಾಲ್ಸಾ ಅನ್ನೋ ತುಂಬಾ ಹಗುರ ಮರದ ಹಾಳೆ ಮೇಲೆ ಗೀಚಿ ಹಂಗೇ ಕತ್ತರಿಸಿ ತೆಗೆದ್ರೆ ಅದೇ ಬಾಡಿ, ಅದಕ್ಕೊಂದು ರೆಕ್ಕೆ ಒಂದು ಬಾಲ ಅಂಟಿಸಿದ್ರೆ ಪ್ರೊಫೈಲ್ ಮಾಡೆಲ್. ಪೆಟ್ಟಿಗೆ ಥರ ನಾಲ್ಕು ಗೋಡೆ ಕಟ್ಟೋ ಕೆಲಸ ಇಲ್ಲ, ಮೇಲೆ ಪೇಪರ್ ಹೊದಿಸೋದು ಇಲ್ಲ, ಎರಡು ಸಂಜೆ ಕೂತ್ರೆ ಮುಗಿಯತ್ತೆ. ಆದ್ರೆ ಎರಡು ಸಂಜೆಲಿ ಮುಗಿಯೋದು ಕಟ್ಟೋ ಕೆಲಸ ಮಾತ್ರ, ಹಾರೋ ಹಂಗೆ ಮಾಡೋದು ಬೇರೆನೇ ಕೆಲಸ, ಮತ್ತೆ ಜಾಸ್ತಿ ಜನ ಕೈ ಬಿಡೋದೂ ಅಲ್ಲೇ. ಒಂದೆರಡು ಸಲ ಎಸೀತಾರೆ, ಮೂಗು ನೆಲಕ್ಕೆ ಕುಟ್ಟತ್ತೆ, "ಇದು ಹಾರಲ್ಲ" ಅಂತ ಅಟ್ಟದ ಮೇಲೆ ಹಾಕ್ತಾರೆ. ಹಾರತ್ತೆ. ಅದಕ್ಕೇನು ಬೇಕು ಅಂತ ಮೊದಲಿಂದ ಬರೀತೀನಿ, ಹಾರಿಸೋ ಭಾಗ ಸ್ವಲ್ಪ ಉದ್ದ ಆಗತ್ತೆ, ತಾಳ್ಮೆಯಿಂದ ಓದಿ.

ಇಲ್ಲಿ ಹೇಳ್ತಿರೋದು ರಬ್ಬರ್ ಸುತ್ತಿ ಬಿಡೋ ಮಾಡೆಲ್ (ಸುತ್ತಿದ ರಬ್ಬರ್ ಬಿಚ್ಕೊಳ್ತಾ ಮೂಗಿನ ಪ್ರೊಪೆಲರ್ ತಿರುಗಿಸತ್ತೆ), ರೆಕ್ಕೆ ತುದಿಯಿಂದ ತುದಿಗೆ 40 ಸೆಂಮೀ, ಬಾಡಿ ಉದ್ದ 34 ಸೆಂಮೀ, ಎಲ್ಲಾ ಸೇರಿ 20 ಗ್ರಾಂ ಒಳಗೆ ಬರ್ಬೇಕು. ಮೋಟರ್ ಇಲ್ಲ ರಿಮೋಟ್ ಇಲ್ಲ, ಒಂದ್ಸಲ ಕೈ ಬಿಟ್ಟ ಮೇಲೆ ಅದೇ ತನ್ನನ್ನ ನೋಡ್ಕೋಬೇಕು. ಈ ಥರದ್ದು ಹೊಸದೇನಲ್ಲ, 1871ರ ಆಗಸ್ಟ್ 18ಕ್ಕೆ ಪ್ಯಾರಿಸ್‌ನ ಟ್ಯೂಲ್ರಿ ಗಾರ್ಡನ್‌ನಲ್ಲಿ ಆಲ್ಫೋನ್ಸ್ ಪೆನೋ ಅನ್ನೋನು ರಬ್ಬರ್ ಸುತ್ತಿದ ಪುಟ್ಟ ಮಾಡೆಲ್ ಬಿಟ್ಟ, 11 ಸೆಕೆಂಡಲ್ಲಿ ಸುಮಾರು 40 ಮೀಟರ್ ಹೋಯ್ತು, ಮನುಷ್ಯ ಕೂತ ವಿಮಾನ ಮೇಲೇಳೋಕೆ ಇನ್ನೂ 32 ವರ್ಷ ಇತ್ತು ಆಗ. ಅವನು ಮಾಡಿದ ಮುಖ್ಯ ಕೆಲಸ ಅಂದ್ರೆ ಹಿಂದೆ ಒಂದು ಚಿಕ್ಕ ಬಾಲ ಇಟ್ಟು ಅದನ್ನ ರೆಕ್ಕೆಗಿಂತ ಸ್ವಲ್ಪ ಕಮ್ಮಿ ಕೋನದಲ್ಲಿ ಕೂರಿಸಿದ್ದು. ನಾವು ಇವತ್ತು ಮಾಡೋದೂ ಅದನ್ನೇ.

ಹಾಳೆ ಆರಿಸೋದು

ಇದನ್ನ ಯಾರೂ ಸೀರಿಯಸ್ ಆಗಿ ತಗೊಳ್ಳಲ್ಲ, ಅರ್ಧ ವಿಮಾನ ಇಲ್ಲೇ ಕೆಟ್ಟೋಗತ್ತೆ. ಬಾಲ್ಸಾ ಅಂದ್ರೆ ಎಲ್ಲಾ ಒಂದೇ ಅಲ್ಲ, ಒಂದೇ ಅಳತೆಯ ಎರಡು ಹಾಳೆ ಪಕ್ಕಪಕ್ಕ ಇಟ್ಟು ತೂಗಿದ್ರೆ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಈ ಮರ ಮಧ್ಯ ಮತ್ತೆ ದಕ್ಷಿಣ ಅಮೆರಿಕದ್ದು, ಜಾಸ್ತಿ ಬರೋದು ಈಕ್ವೆಡಾರ್‌ನಿಂದ, ಸರಸರ ಬೆಳೆಯೋ ಮರ, ಅದಕ್ಕೇ ಒಳಗೆ ನೀರು ತುಂಬಿದ ದೊಡ್ಡ ದೊಡ್ಡ ಜೀವಕೋಶ ಇರ್ತವೆ, ಒಣಗಿಸಿದಾಗ ಅವು ಖಾಲಿಯಾಗಿ ಗಾಳಿ ಉಳಿಯತ್ತೆ. ಬೇಗ ಬೆಳೆದ ಭಾಗ ಹಗುರ, ನಿಧಾನಕ್ಕೆ ಬೆಳೆದದ್ದು ಭಾರ. ಹಂಗಾಗಿ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಕೊಳ್ಳಿ, 0.1 ಗ್ರಾಂ ತೋರಿಸೋದು ಸಾಕು. 7.5 ಸೆಂಮೀ ಅಗಲ 91 ಸೆಂಮೀ ಉದ್ದ 1.5 ಮಿಮೀ ದಪ್ಪದ ಹಾಳೆ 11ರಿಂದ 13 ಗ್ರಾಂ ಬಂದ್ರೆ ರೆಕ್ಕೆಗೆ ತೆಗೆದಿಡಿ, 17-18 ಗ್ರಾಂ ಬಂದ್ರೆ ಬೇರೆ ಏನಕ್ಕಾದ್ರೂ ಆಗತ್ತೆ, 20 ದಾಟಿದ್ರೆ ಈ ವಿಮಾನಕ್ಕೆ ಬೇಡ.

ತೂಕ ಆದ್ಮೇಲೆ ಎಳೆ ನೋಡಿ, ಅಂದ್ರೆ ಮರದ ನಾರು (ಗ್ರೇನ್). ಹಾಳೆನ ಬೆಳಕಿಗೆ ಹಿಡಿದ್ರೆ ಕೆಲವದ್ರಲ್ಲಿ ಉದ್ದುದ್ದ ಗೆರೆ ನೀಟಾಗಿ ಕಾಣತ್ತೆ, ಅಗಲದ ಎರಡೂ ಅಂಚು ಹಿಡ್ಕೊಂಡು ಮೆತ್ತಗೆ ಒತ್ತಿದ್ರೆ ಪೈಪ್ ಥರ ಬಾಗತ್ತೆ, ಅದು ಎ-ಗ್ರೇನ್. ಇನ್ನು ಕೆಲವದ್ರಲ್ಲಿ ಮೀನಿನ ಪೊರೆ ಥರ ಚುಕ್ಕೆಚುಕ್ಕೆ ಮಿನುಗತ್ತೆ, ಅಗಲಕ್ಕೆ ಬಗ್ಗಿಸೋಕೆ ಹೋದ್ರೆ ಬಗ್ಗಲ್ಲ, ಜೋರು ಮಾಡಿದ್ರೆ ಟಪ್ ಅಂತ ಸೀಳತ್ತೆ, ಅದು ಸಿ-ಗ್ರೇನ್. ಎರಡರ ಮಧ್ಯ ಇರೋದು ಬಿ. ನಮ್ಮ ರೆಕ್ಕೆಗೆ ಸ್ವಲ್ಪ ಬಾಗು ಕೊಡ್ಬೇಕಲ್ಲ ಅದಕ್ಕೆ ಎ ಅಥವಾ ಬಿ ಬೇಕು, ಬಾಲ ಚಪ್ಪಟೆಯಾಗೇ ಉಳೀಬೇಕು ಹಂಗಾಗಿ ಅಲ್ಲಿ ಸಿ-ಗ್ರೇನ್. ಇದನ್ನ ಉಲ್ಟಾ ಮಾಡಿದ್ರೆ ರೆಕ್ಕೆ ಸೀಳತ್ತೆ, ಬಾಲ ಮಾರನೇ ದಿನ ಬಿಸಿಲಲ್ಲಿಟ್ಟ ಹಪ್ಪಳ ಆಗಿರತ್ತೆ.

ಬೇಕಾಗಿರೋ ಸಾಮಾನು ಇಷ್ಟೇ: ರೆಕ್ಕೆಗೆ 1.5 ಮಿಮೀ ಹಾಳೆ, ಬಾಡಿಗೆ 3 ಮಿಮೀ ಹಾಳೆ, ಬಾಲಕ್ಕೆ 0.8 ಅಥವಾ 1 ಮಿಮೀ ಹಾಳೆ, 3×6 ಮಿಮೀ ಗಟ್ಟಿ ಬಾಲ್ಸಾ ಕಡ್ಡಿ ಒಂದು, 15 ಸೆಂಮೀ ಪ್ಲಾಸ್ಟಿಕ್ ಪ್ರೊಪೆಲರ್ ಅದರ ಬೇರಿಂಗ್ ಮತ್ತೆ ಕೊಕ್ಕೆ ಜೊತೆ, 3 ಮಿಮೀ ಅಗಲದ ಮಾಡೆಲ್ ರಬ್ಬರ್, ಸಣ್ಣ ತಂತಿ, ಬಿಳಿ ಮರದ ಅಂಟು, ಸ್ವಲ್ಪ ಸೂಪರ್ ಗ್ಲೂ, ಮಾಡೆಲಿಂಗ್ ಕ್ಲೇ, ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್, 240 ಮತ್ತೆ 400 ನಂಬರ್ ಸ್ಯಾಂಡ್‌ಪೇಪರ್. ಸ್ಯಾಂಡ್‌ಪೇಪರ್‌ನ ಒಂದು ಸಮ ಮರದ ತುಂಡಿಗೆ ಅಂಟಿಸ್ಕೊಳ್ಳಿ, ಬರೀ ಬೆರಳಲ್ಲಿ ಉಜ್ಜಿದ್ರೆ ಮೇಲ್ಮೈ ಅಲೆ ಅಲೆ ಆಗತ್ತೆ.

ಬಾಡಿ

ರೆಕ್ಕೆ ಮೇಲಿರೋ ವಿಮಾನದ ಆಕಾರ ಆರಿಸಿ, ಪೈಪರ್ ಕಬ್, ಸೆಸ್ನಾ ಥರದ್ದು. ರೆಕ್ಕೆ ಕೆಳಗಿರೋ ಯುದ್ಧ ವಿಮಾನ ನೋಡೋಕೆ ಚೆಂದ ನಿಜ, ಆದ್ರೆ ಮೊದಲನೇದಕ್ಕೆ ಬೇಡ, ಅದು ಪಕ್ಕಕ್ಕೆ ವಾಲಿದ್ರೆ ವಾಪಸ್ ಬರೋದು ಕಷ್ಟ. ಅಸಲಿ ವಿಮಾನದ ಡ್ರಾಯಿಂಗ್ ಹಂಗೇ ಇಳಿಸ್ಬೇಡಿ, ಮೂಗನ್ನ ಒಂದೂವರೆ ಎರಡು ಸೆಂಮೀ ಉದ್ದ ಎಳೀರಿ, ಬಾಲನ ದೊಡ್ಡದು ಮಾಡಿ. ಅಸಲಿ ವಿಮಾನದ ಮೂಗಲ್ಲಿ ಭಾರದ ಎಂಜಿನ್ ಕೂತಿರತ್ತೆ, ನಮ್ಮದ್ರಲ್ಲಿ ಬರೀ ಪ್ಲಾಸ್ಟಿಕ್ ಫ್ಯಾನ್, ಹಂಗಾಗಿ ಮೂಗು ಗಿಡ್ಡ ಇದ್ರೆ ಆಮೇಲೆ ಕ್ಲೇ ತುಂಬಿ ತುಂಬಿ ಸಾಕಾಗತ್ತೆ.

ಅಳತೆ ಹಿಂಗಿಟ್ಕೊಳ್ಳಿ: ಮೂಗಿನ ತುದಿಯಿಂದ ರೆಕ್ಕೆಯ ಮುಂದಿನ ಅಂಚಿಗೆ ಸುಮಾರು 7 ಸೆಂಮೀ, ರೆಕ್ಕೆ ಅಗಲ 7.5, ಅಲ್ಲಿಂದ ಬಾಲದ ಮುಂದಿನ ಅಂಚಿಗೆ 14, ಬಾಲದ ಅಗಲ 5. ಮೊದಲು ಪೇಪರ್ ಮೇಲೆ ಒಂದು ಉದ್ದ ನೇರ ಗೆರೆ ಎಳೀರಿ, ಬಾಲ ಕೂರೋ ಜಾಗ ಈ ಗೆರೆಗೆ ಸಮಾನಾಂತರ ಇರ್ಲಿ, ರೆಕ್ಕೆ ಕೂರೋ ಜಾಗ ಮಾತ್ರ ಮುಂದೆ 3 ಮಿಮೀ ಎತ್ತರ ಇರ್ಲಿ, 7.5 ಸೆಂಮೀಗೆ 3 ಮಿಮೀ ಅಂದ್ರೆ ಎರಡು ಡಿಗ್ರಿ ಚಿಲ್ಲರೆ. ಪೆನೋ ಮಾಡಿದ್ದು ಅಂದ್ನಲ್ಲ ಆ ಕೋನದ ವ್ಯತ್ಯಾಸ ಇದೇ. ಮೂಗು ಕೆಳಗೆ ಹೋಗಿ ಸ್ಪೀಡ್ ಜಾಸ್ತಿ ಆದಾಗ ಈ ವ್ಯತ್ಯಾಸನೇ ಅದನ್ನ ತಾನಾಗೇ ಮೇಲೆತ್ತೋದು. ಇನ್ನೊಂದು, ರೆಕ್ಕೆ ಕೂರೋ ಆ ನೇರ ಜಾಗನ 7.5ಕ್ಕೇ ನಿಲ್ಲಿಸ್ಬೇಡಿ, 10-11 ಸೆಂಮೀ ಉದ್ದ ಬಿಡಿ, ಯಾಕೆ ಅಂತ ಆಮೇಲೆ ಗೊತ್ತಾಗತ್ತೆ.

ಕತ್ತರಿಸುವಾಗ ಒಂದೇ ಏಟಿಗೆ ಒತ್ತಿ ಎಳೀಬೇಡಿ, ಮೂರ್ನಾಲ್ಕು ಸಲ ಹಗುರಕ್ಕೆ ಎಳೀರಿ. ಬ್ಲೇಡ್ ಯಾವಾಗ್ಲೂ ಎಳೆ ಹಿಡ್ಕೊಂಡು ಓಡೋಕೆ ನೋಡತ್ತೆ, ಹಂಗಾಗಿ ವಕ್ರ ಗೆರೆ ಬಂದಾಗ ಬ್ಲೇಡ್ ತಪ್ಪಿದ್ರೂ ಬೇಡದ ಭಾಗದ ಕಡೆಗೇ ಹೋಗೋ ದಿಕ್ಕಲ್ಲಿ ಎಳೀರಿ, ಬೇಕಾದ್ರೆ ಹಾಳೆ ತಿರುಗಿಸ್ಕೊಂಡು ಇನ್ನೊಂದು ತುದಿಯಿಂದ ಬನ್ನಿ. ಬಾಡಿ ಎಳೆ ಉದ್ದಕ್ಕೆ ಇರ್ಬೇಕು. ಹಿಂಭಾಗದಲ್ಲಿ ಒಂದೆರಡು ಕಡೆ ತೂತು ಹೊಡೆದು ತೂಕ ಇಳಿಸಬಹುದು, ಅಂಚಿಂದ 5 ಮಿಮೀ ಬಿಟ್ಟು. ಮುಂದೆ ಹೊಡೀಬೇಡಿ, ಮುಂದೆ ತೂಕ ಬೇಕೇ ಬೇಕು.

ಬಾಡಿಯ ಕೆಳ ಅಂಚಿಗೆ ಆ 3×6 ಕಡ್ಡಿನ ಉದ್ದಕ್ಕೆ ಅಂಟಿಸಿ, ಮೂಗಿಂದ ಒಂದು ಸೆಂಮೀ ಮುಂದಕ್ಕೆ ಚಾಚಿರ್ಲಿ, ಬೇರಿಂಗ್ ಅದಕ್ಕೇ ಸಿಕ್ಕಿಸೋದು. ಈ ಕಡ್ಡಿ ಯಾಕೆ ಅಂದ್ರೆ ಸುತ್ತಿದ ರಬ್ಬರ್ ಮುಂದೆ ಹಿಂದೆ ಎರಡನ್ನೂ ಎಳೀತಾ ಇರತ್ತೆ, ಬರೀ 3 ಮಿಮೀ ಹಾಳೆ ಆದ್ರೆ ಬಿಲ್ಲು ಥರ ಬಾಗತ್ತೆ, ಬಾಡಿ ಬಾಗಿದ್ರೆ ಬಾಲದ ಕೋನ ಬದಲಾಗತ್ತೆ, ಆಮೇಲೆ ಪ್ರತಿ ಸಲನೂ ಬೇರೆ ಬೇರೆ ಥರ ಹಾರತ್ತೆ, ಕಾರಣ ಹುಡುಕಿ ಹುಡುಕಿ ಸಿಗಲ್ಲ. ಹಿಂದಿನ ಕೊಕ್ಕೆನ ಮುಂದಿನ ಕೊಕ್ಕೆಯಿಂದ 24 ಸೆಂಮೀ ದೂರದಲ್ಲಿ ತಂತಿ ಬಗ್ಗಿಸಿ ಕಡ್ಡಿಗೆ ದಾರದಲ್ಲಿ ಸುತ್ತಿ ಅಂಟು ಹಾಕಿ.

ಬಾಲ

ಅಡ್ಡ ಬಾಲ 16×5 ಸೆಂಮೀ, ಎಳೆ ಅಡ್ಡಕ್ಕೆ. ರೆಕ್ಕೆ 300 ಚದರ ಸೆಂಮೀ, ಇದು 80, ಅಂದ್ರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಇಷ್ಟಿದ್ರೆ ನೆಮ್ಮದಿ. ನಿಂತಿರೋ ಬಾಲ 25ರಿಂದ 30 ಚದರ ಸೆಂಮೀ, ಎಳೆ ಮೇಲ್ಮುಖ.

ಇಲ್ಲಿ ನನ್ನ ಮೊದಲ ವಿಮಾನದ ಕಥೆ ಹೇಳ್ಲೇಬೇಕು. ಗಟ್ಟಿಯಾಗಿರ್ಲಿ ಅಂತ ಬಾಲನೂ 3 ಮಿಮೀ ಹಾಳೆಲೇ ಮಾಡಿದ್ದೆ, ಅದೂ ಸಿಕ್ಕಿದ್ದು ಭಾರದ ಹಾಳೆ, ಬಾಲ ಒಂದೇ 4 ಗ್ರಾಂ ಬಂತು. ಬ್ಯಾಲೆನ್ಸ್ ಮಾಡೋಕೆ ಮೂಗಿಗೆ ಕ್ಲೇ ಹಾಕ್ತಾ ಹೋದೆ, 6 ಗ್ರಾಂ ಹಾಕಿದ್ಮೇಲೆ ಸಮ ಆಯ್ತು. ಕೈಯಲ್ಲಿ ಹಿಡಿದಾಗ್ಲೇ ಭಾರ ಅನ್ನಿಸ್ತು, ರಬ್ಬರ್ ಎಷ್ಟು ಸುತ್ತಿದ್ರೂ ಮೇಲೆ ಏರ್ಲಿಲ್ಲ, ಜೋರಾಗಿ ಓಡಿ ನೆಲ ಸೇರ್ತಿತ್ತು. ಮೂಗಿಗಿಂತ ಬಾಲ ಬ್ಯಾಲೆನ್ಸ್ ಪಾಯಿಂಟ್‌ನಿಂದ ಎರಡರಷ್ಟು ದೂರ ಇರತ್ತೆ, ಹಂಗಾಗಿ ಹಿಂದೆ 1 ಗ್ರಾಂ ಜಾಸ್ತಿ ಆದ್ರೆ ಮುಂದೆ 2 ಗ್ರಾಂ ಹಾಕ್ಬೇಕು, ಒಟ್ಟು 3 ಗ್ರಾಂ ಸುಮ್ನೆ ಹೊರೋದು. 1 ಮಿಮೀ ಹಗುರ ಹಾಳೆಲಿ ಅದೇ ಬಾಲ ಒಂದು ಗ್ರಾಂ ಆಸುಪಾಸು ಬರತ್ತೆ. ಅದಾದ್ಮೇಲೆ ಬಾಲಕ್ಕೆ ಬಣ್ಣ ಕೂಡ ಹಾಕಲ್ಲ ನಾನು.

ರೆಕ್ಕೆ

20 ಸೆಂಮೀಯ ಎರಡು ತುಂಡು ಕತ್ತರಿಸಿ, ಎಳೆ ರೆಕ್ಕೆಯ ಉದ್ದಕ್ಕೆ. ಒಂದೇ ಹಾಳೆಯಿಂದ ಅಕ್ಕಪಕ್ಕದ ತುಂಡೇ ತಗೊಳ್ಳಿ, ಆಗ ಎರಡೂ ಒಂದೇ ತೂಕ ಬರತ್ತೆ, ಆದ್ರೂ ತೂಗಿ ನೋಡಿ, ವ್ಯತ್ಯಾಸ ಇದ್ರೆ ಭಾರ ಇರೋದನ್ನ ಎಡಗಡೆಗೆ ಇಡಿ (ವಿಮಾನನ ಎಡಕ್ಕೆ ಸುತ್ತು ಹೊಡೆಸ್ತೀವಿ). ಮುಂದಿನ ಅಂಚನ್ನ ಗುಂಡಗೆ ಉಜ್ಜಿ, ಹಿಂದಿನ ಅಂಚನ್ನ ಕೊನೆಯ 2 ಸೆಂಮೀ ತೆಳ್ಳಗೆ ಮಾಡ್ತಾ ಬಂದು ಅರ್ಧ ಮಿಮೀಗೆ ತನ್ನಿ. ಉಜ್ಜುವಾಗ ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಕೊಳ್ಳಿ, ಬಾಲ್ಸಾ ಧೂಳು ತುಂಬಾ ನಯ, ಗಂಟಲಲ್ಲಿ ಕೂರತ್ತೆ.

ಬಾಗು ಕೊಡೋಕೆ ಚಿಕ್ಕ ಪಕ್ಕೆಲುಬು ಬೇಕು, ಅಂದ್ರೆ ರಿಬ್, ಒಂದು ರೆಕ್ಕೆಗೆ ಮೂರು. 2 ಮಿಮೀ ಹಾಳೆಲಿ 7 ಸೆಂಮೀ ಉದ್ದದ ತುಂಡು, ಮುಂದಿನಿಂದ ಮೂರನೇ ಒಂದು ಭಾಗದಲ್ಲಿ 4-5 ಮಿಮೀ ಎತ್ತರ, ಎರಡೂ ತುದಿಗೆ ಇಳಿದು ಚೂಪು. ಒಂದು ದಪ್ಪ ಕಾರ್ಡ್‌ನಲ್ಲಿ ಅಚ್ಚು ಮಾಡ್ಕೊಂಡು ಆರೂ ಒಂದೇ ಸಮ ಕತ್ತರಿಸಿ. ಈಗ ರೆಕ್ಕೆಯ ಮೇಲ್ಭಾಗಕ್ಕೆ ಮಾತ್ರ ಒದ್ದೆ ಬಟ್ಟೆಲಿ ನೀರು ಸವರಿ, ಒಂದು ನಿಮಿಷ ನೋಡ್ತಾ ಇರಿ, ಒದ್ದೆಯಾದ ಕಡೆ ಹಿಗ್ಗಿ ಹಾಳೆ ತಾನಾಗೇ ಮೇಲಕ್ಕೆ ಉಬ್ಬತ್ತೆ. ಆ ಉಬ್ಬು ಬಂದಾಗ ಕೆಳಗೆ ರಿಬ್ ಇಟ್ಟು ಬಿಳಿ ಅಂಟಲ್ಲಿ ಕೂರಿಸಿ, ಟೇಪ್ ಹಾಕಿ, ಸಮವಾದ ಜಾಗದಲ್ಲಿ ರಾತ್ರಿ ಇಡೀ ಬಿಡಿ. ಆತುರ ಮಾಡಿ ಒಂದು ಗಂಟೆಗೇ ಟೇಪ್ ಕಿತ್ರೆ ರೆಕ್ಕೆ ತಿರುಚ್ಕೊಳತ್ತೆ, ತಿರುಚಿದ ರೆಕ್ಕೆಗಿಂತ ದೊಡ್ಡ ಶತ್ರು ಈ ಕೆಲಸದಲ್ಲಿ ಇಲ್ಲ.

ಆಮೇಲೆ ಎರಡು ರೆಕ್ಕೆನೂ ಮೇಲ್ಮುಖ ವಿ ಆಕಾರದಲ್ಲಿ ಸೇರಿಸ್ಬೇಕು. ಒಂದನ್ನ ಮೇಜಿನ ಮೇಲೆ ಮಟ್ಟಸ ಇಟ್ಟು ಇನ್ನೊಂದರ ತುದಿ ಮೇಜಿಂದ 7 ಸೆಂಮೀ ಮೇಲಿರೋ ಹಂಗೆ ಪುಸ್ತಕ ಜೋಡಿಸಿ, ಸೇರೋ ಅಂಚುಗಳನ್ನ ಓರೆಯಾಗಿ ಉಜ್ಜಿ ಮಧ್ಯ ಸಂದಿ ಇಲ್ದಂಗೆ ಮಾಡಿ. ಅಂಟು ಎರಡು ಸಲ ಹಾಕಿ: ಮೊದಲು ಎರಡೂ ಅಂಚಿಗೆ ತೆಳ್ಳಗೆ ಸವರಿ ಒಣಗೋಕೆ ಬಿಡಿ, ಮರ ಅದನ್ನ ಹೀರ್ಕೊಳತ್ತೆ, ಆಮೇಲೆ ಎರಡನೇ ಸಲ ಹಾಕಿ ಸೇರಿಸಿ. ಒಂದೇ ಸಲ ಹಾಕಿದ್ರೆ ಅಂಟೆಲ್ಲಾ ಮರದೊಳಗೆ ಇಳಿದು ಕೀಲಲ್ಲಿ ಏನೂ ಉಳಿಯಲ್ಲ. ಸೂಪರ್ ಗ್ಲೂ ಇಲ್ಲಿ ಬೇಡ ಅಂತ ನನ್ನ ಅಭಿಪ್ರಾಯ, ಬೇಗ ಹಿಡಿಯತ್ತೆ ನಿಜ ಆದ್ರೆ ಗಾಜಿನ ಥರ, ಮೊದಲ ಏಟಿಗೇ ಬಿಟ್ಕೊಳತ್ತೆ. ಮೈದಾನದಲ್ಲಿ ರಿಪೇರಿಗೆ ಇಟ್ಕೊಳ್ಳಿ ಅದನ್ನ.

ಈ ವಿ ಇಲ್ದಿದ್ರೆ ವಿಮಾನ ಒಂದು ಕಡೆ ವಾಲಿದ್ಮೇಲೆ ಹಂಗೇ ಜಾರಿ ಬೀಳತ್ತೆ. ವಿ ಇದ್ರೆ ಜಾರೋ ಕಡೆಯ ರೆಕ್ಕೆಗೆ ಗಾಳಿ ಜಾಸ್ತಿ ಕೋನದಲ್ಲಿ ತಾಗಿ ಆ ಕಡೆ ಎತ್ತತ್ತೆ. ಕೈಯಲ್ಲಿ ಯಾರೂ ಕಂಟ್ರೋಲ್ ಮಾಡ್ತಿಲ್ವಲ್ಲ, ಅದಕ್ಕೇ ರಿಮೋಟ್ ವಿಮಾನಕ್ಕಿಂತ ಇಷ್ಟು ಜಾಸ್ತಿ ವಿ ಬೇಕಾಗೋದು.

ಜೋಡಿಸೋದು, ಬ್ಯಾಲೆನ್ಸ್ ಪಾಯಿಂಟ್

ಬಾಲ ಅಂಟಿಸುವಾಗ ಅಡ್ಡ ಬಾಲಕ್ಕೆ ಎರಡೇ ಎರಡು ಹನಿ ಅಂಟು, ಮುಂದೊಂದು ಹಿಂದೊಂದು, ಆಮೇಲೆ ಎತ್ತಿ ಸಣ್ಣ ಚೂರು ಇಡಬೇಕಾಗತ್ತೆ. ಪ್ರೊಪೆಲರ್, ಬೇರಿಂಗ್, ರಬ್ಬರ್ ಎಲ್ಲಾ ಹಾಕಿ. ರೆಕ್ಕೆ ಮಾತ್ರ ಟೇಪಲ್ಲಿ ನಿಲ್ಲಿಸಿ. ರೆಕ್ಕೆ ಕೆಳಗೆ, ಮುಂದಿನ ಅಂಚಿಂದ 2.5 ಸೆಂಮೀ ಹಿಂದೆ ಪೆನ್ಸಿಲ್ ಗುರುತು ಮಾಡಿ, ಎರಡೂ ಕಡೆ, ಅಲ್ಲಿ ಎರಡು ಬೆರಳ ತುದಿ ಇಟ್ಟು ಎತ್ತಿ. ವಿಮಾನ ಮಟ್ಟಸ ನಿಲ್ಬೇಕು. ಬಾಲ ಕೆಳಗೆ ಹೋದ್ರೆ ಕ್ಲೇ ಹುಡುಕ್ಬೇಡಿ, ಮೊದಲು ರೆಕ್ಕೆನೇ ಹಿಂದಕ್ಕೆ ಸರಿಸಿ, ಅದಕ್ಕೇ ಆ ಜಾಗ ಉದ್ದ ಬಿಡಿ ಅಂದಿದ್ದು. ಸರಿಸಿದ್ರೆ ತೂಕ ಏನೂ ಜಾಸ್ತಿ ಆಗಲ್ಲ. ಒಂದು ಸೆಂಮೀವರೆಗೆ ಸರಿಸಬಹುದು, ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ಬಾಲ ಭಾರ ಆಗಿದೆ ಅಂತ ಅರ್ಥ, ಆಗ ಬಾಲನೇ ಉಜ್ಜಿ. ಜಾಗ ಸಿಕ್ಮೇಲೆ ರೆಕ್ಕೆ ಅಂಟಿಸಿ, ಬಾಡಿ ಬರೀ 3 ಮಿಮೀ ಇರೋದ್ರಿಂದ ಎರಡೂ ಪಕ್ಕ ಚಿಕ್ಕ ತ್ರಿಕೋನದ ಪಟ್ಟಿ ಕೊಡಿ. ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ರೆಕ್ಕೆಯ ಎರಡೂ ತುದಿ ಬಾಲದಿಂದ ಒಂದೇ ಎತ್ತರದಲ್ಲಿ ಕಾಣ್ಬೇಕು, ಮೇಲಿಂದ ನೋಡಿದ್ರೆ ತುದಿಯಿಂದ ಬಾಲದ ತುದಿಗೆ ಎರಡೂ ಕಡೆ ಒಂದೇ ದೂರ.

ತಿರುಚು ಇದ್ಯಾ ಅಂತನೂ ಇದೇ ಟೈಮಲ್ಲಿ ನೋಡಿ. ಇದ್ರೆ ಕುದಿಯೋ ನೀರಿನ ಹಬೆ ಮೇಲೆ ಕೆಲವು ಸೆಕೆಂಡ್ ಹಿಡಿದು ಉಲ್ಟಾ ದಿಕ್ಕಿಗೆ ಸ್ವಲ್ಪ ಜಾಸ್ತಿನೇ ತಿರುಚಿ, ಆರೋವರೆಗೂ ಹಂಗೇ ಹಿಡ್ಕೊಂಡಿರಿ.

ರಬ್ಬರ್ ಇಲ್ದೆ ಮೊದಲು

ಅಂದ್ರೆ ರಬ್ಬರ್ ಹಾಕಿರಿ, ಸುತ್ತಬೇಡಿ. ಹುಲ್ಲಿರೋ ಜಾಗ, ಗಾಳಿ ಸತ್ತಿರೋ ಹೊತ್ತು, ಸೂರ್ಯ ಹುಟ್ಟಿದ ಮೊದಲ ಗಂಟೆ ಅಥವಾ ಮುಳುಗೋ ಮುಂಚಿನ ಅರ್ಧ ಗಂಟೆ. ಒಂದು ಹುಲ್ಲು ಕಿತ್ತು ಕೈಯಿಂದ ಬಿಡಿ, ನೇರ ಕೆಳಗೆ ಬಿದ್ರೆ ಶುರು ಮಾಡಿ. ಗಾಳಿ ಇದ್ದಾಗ ಟ್ರಿಮ್ ಮಾಡೋಕೆ, ಅಂದ್ರೆ ಸಣ್ಣಪುಟ್ಟ ಬದಲಾವಣೆ ಮಾಡಿ ನೆಟ್ಟಗೆ ಹಾರೋ ಹಂಗೆ ಮಾಡೋಕೆ ಹೋದ್ರೆ ಗಾಳಿಯ ತಪ್ಪಿಗೆ ವಿಮಾನಕ್ಕೆ ಶಿಕ್ಷೆ ಕೊಟ್ಟಂಗೆ ಆಗತ್ತೆ. ಕರೆಂಟ್ ತಂತಿ, ರೋಡು, ವಿಮಾನ ನಿಲ್ದಾಣದ ಹತ್ರ ಬೇಡ್ವೇ ಬೇಡ.

ಹಿಡಿಯೋದು ರೆಕ್ಕೆ ಕೆಳಗೆ, ಭುಜದ ಎತ್ತರದಲ್ಲಿ, ಮೂಗು ಒಂಚೂರು ಕೆಳಗೆ. ಎಸೀಬೇಡಿ, ಡಾರ್ಟ್ ಬಿಟ್ಟಂಗೆ ಮುಂದಕ್ಕೆ ತಳ್ಳಿ ಕೈ ಬಿಡಿ, ಅದಕ್ಕೆ ಹಾರೋಕೆ ಬೇಕಾದಷ್ಟೇ ಸ್ಪೀಡು. ಸರಿಯಾಗಿದ್ರೆ ಗೆರೆ ಎಳೆದಂಗೆ ಇಳೀತಾ 6-7 ಮೀಟರ್ ಹೋಗಿ ಹೊಟ್ಟೆ ಮೇಲೆ ಕೂರತ್ತೆ. ಮೊದಲ ಸಲ ಹಂಗಾಗಲ್ಲ.

ಮೂಗು ಏರಿ, ಒಂದು ಕ್ಷಣ ಗಾಳಿಲಿ ನಿಂತಂಗಾಗಿ, ದಡಕ್ಕಂತ ಬಗ್ಗಿ, ಮತ್ತೆ ಏರಿದ್ರೆ, ಅಲೆ ಥರ, ಅದು ಸ್ಟಾಲ್. ಒಂದೇ ಸಮ ನೆಲಕ್ಕೆ ನುಗ್ಗಿದ್ರೆ ಡೈವ್. ಈಗ ಎಲ್ರೂ ಕೈ ಹಾಕೋದು ಕ್ಲೇಗೆ. ತಡೀರಿ. ಬ್ಯಾಲೆನ್ಸ್ ಪಾಯಿಂಟ್ ಗುರುತಲ್ಲೇ ಇದ್ರೆ ಅದನ್ನ ಮುಟ್ಟಬೇಡಿ, ಬಾಲ ಸರಿ ಮಾಡಿ: ಸ್ಟಾಲ್ ಆದ್ರೆ ಅಡ್ಡ ಬಾಲದ ಮುಂದಿನ ಅಂಚಿನ ಕೆಳಗೆ ಅರ್ಧ ಮಿಮೀ ಚೂರು, ಡೈವ್ ಆದ್ರೆ ಹಿಂದಿನ ಅಂಚಿನ ಕೆಳಗೆ ಅರ್ಧ ಮಿಮೀ ಚೂರು. ಅರ್ಧ ಮಿಮೀ ಅಂದ್ರೆ ಪೋಸ್ಟ್‌ಕಾರ್ಡ್ ಎರಡು ಪದರ. ಅಷ್ಟರಲ್ಲೇ ವಿಮಾನದ ಸ್ವಭಾವನೇ ಬದಲಾಗೋದು ನೋಡ್ತೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೆ ಕಮ್ಮಿ ಅಂದ್ರೂ ಮೂರು ಸಲ ಬಿಟ್ಟು ನೋಡಿ, ಯಾಕಂದ್ರೆ ಒಂದ್ಸಲ ಕೈ ಜೋರಾಗಿರತ್ತೆ ಒಂದ್ಸಲ ಮೂಗು ಮೇಲಾಗಿರತ್ತೆ. ಜೋರಾಗಿ ತಳ್ಳಿದ್ರೆ ಸರಿ ಇರೋ ವಿಮಾನನೂ ಸ್ಟಾಲ್ ಆಗತ್ತೆ, ಇದನ್ನ ನೆನಪಿಡಿ.

ಸ್ವಲ್ಪ ಎಡಕ್ಕೆ ತಿರುಗ್ತಾ ಇಳೀಬೇಕು, ದೊಡ್ಡ ವೃತ್ತ. ಅದಕ್ಕೆ ನಿಂತಿರೋ ಬಾಲದ ಹಿಂದಿನ ಅಂಚನ್ನ ಎಡಕ್ಕೆ ಒಂದು ಮಿಮೀ ಬಗ್ಗಿಸಬಹುದು, ಆದ್ರೆ ನನಗೆ ಇಷ್ಟ ಅಡ್ಡ ಬಾಲನ ಓರೆ ಮಾಡೋದು, ಹಿಂದಿನಿಂದ ನೋಡಿದಾಗ ಎಡತುದಿ 3-4 ಮಿಮೀ ಮೇಲೆ. ಬಾಲದ ಯಾವ ತುದಿ ಮೇಲಿರತ್ತೋ ವಿಮಾನ ಆ ಕಡೆ ತಿರುಗತ್ತೆ, ಮತ್ತೆ ಸ್ಪೀಡ್ ಜಾಸ್ತಿ ಆದಾಗ ಇದು ಬಗ್ಗಿಸಿದ ಬಾಲದಷ್ಟು ಬಿಗಿಯಾಗಿ ತಿರುಗಿಸಲ್ಲ.

ಈಗ ರಬ್ಬರ್

30ರಿಂದ 33 ಸೆಂಮೀ ಉದ್ದದ ಕುಣಿಕೆ ಬರೋ ಹಂಗೆ ರಬ್ಬರ್ ಕತ್ತರಿಸಿ, ಎಂಜಲು ಸವರಿ ರೀಫ್ ಗಂಟು ಹಾಕಿ (ಒಮ್ಮೆ ಬಲದ್ದು ಎಡದ ಮೇಲೆ, ಇನ್ನೊಮ್ಮೆ ಎಡದ್ದು ಬಲದ ಮೇಲೆ), ಒಣ ಗಂಟು ರಬ್ಬರ್‌ನ ಕುಯ್ಯತ್ತೆ. ಆಮೇಲೆ ಹರಳೆಣ್ಣೆ ಅಥವಾ ಸಿಲಿಕಾನ್ ಎಣ್ಣೆ ಎರಡು ಹನಿ ಹಾಕಿ ಅಂಗೈಲಿ ಉಜ್ಜಿ. ಗಾಡಿ ಆಯಿಲ್, ವ್ಯಾಸಲೀನ್ ಬೇಡ, ರಬ್ಬರ್ ತಿಂದುಬಿಡತ್ತೆ. ಹೊಸ ರಬ್ಬರ್‌ನ ನಾಲ್ಕೈದು ಪಟ್ಟು ನಿಧಾನಕ್ಕೆ ಎಳೆದು ಕೆಲವು ನಿಮಿಷ ಹಿಡಿದು ಬಿಡಿ, ಪಳಗತ್ತೆ.

ಮೊದಲು 100 ಸುತ್ತು ಮಾತ್ರ. ಎಡಗೈಲಿ ಪ್ರೊಪೆಲರ್, ಬಲಗೈಲಿ ಬಾಡಿ, ಪ್ರೊಪೆಲರ್ ಮೊದಲು ಬಿಟ್ಟು ಅದು ತಿರುಗಿದ ತಕ್ಷಣ ಮೆತ್ತಗೆ ತಳ್ಳಿ. ಇದರಲ್ಲಿ ಏರಬೇಕಿಲ್ಲ, ಗ್ಲೈಡ್, ಅಂದ್ರೆ ಪವರ್ ಇಲ್ದೆ ತೇಲಿ ಇಳಿಯೋದು, ಸ್ವಲ್ಪ ಉದ್ದ ಆದ್ರೆ ಸಾಕು. ಆಮೇಲೆ 150, 200, ಹಿಂಗೆ 50-50 ಜಾಸ್ತಿ ಮಾಡ್ತಾ ಹೋಗಿ. ಸುತ್ತು ಜಾಸ್ತಿ ಆದಂಗೆ ಹೊಸ ಹೊಸ ಕಾಯಿಲೆ ಹೊರಗೆ ಬರತ್ತೆ, ಮತ್ತೆ ಇಲ್ಲಿ ಒಂದು ನಿಯಮ ನಾನು ಯಾವತ್ತೂ ಮುರಿಯಲ್ಲ: ಗ್ಲೈಡ್‌ನ ತಪ್ಪು ಬಾಲದಲ್ಲಿ ಸರಿ ಮಾಡು, ಪವರ್‌ನ ತಪ್ಪು ಮೂಗಲ್ಲಿ ಸರಿ ಮಾಡು. ಗ್ಲೈಡ್ ಚೆನ್ನಾಗಿದ್ದ ವಿಮಾನ ಪವರಲ್ಲಿ ಸ್ಟಾಲ್ ಆಯ್ತು ಅಂತ ಬಾಲ ಮುಟ್ಟಿದ್ರೆ, ಪವರ್ ಸರಿ ಹೋಗತ್ತೆ ಗ್ಲೈಡ್ ಕೆಡತ್ತೆ, ಗ್ಲೈಡ್ ಸರಿ ಮಾಡಿದ್ರೆ ಪವರ್ ಕೆಡತ್ತೆ, ಸಂಜೆಯೆಲ್ಲಾ ಇದೇ ಆಗತ್ತೆ.

ಮೂಗಲ್ಲಿ ಸರಿ ಮಾಡೋದು ಅಂದ್ರೆ ಪ್ರೊಪೆಲರ್ ನೋಡೋ ದಿಕ್ಕು ಬದಲಿಸೋದು. ರೆಕ್ಕೆ ಮೇಲಿದೆ ಎಳೆಯೋ ಗೆರೆ ಕೆಳಗಿದೆ, ಹಂಗಾಗಿ ಪವರ್ ಬಂದಾಗ ಮೂಗು ಏರೋದು ಸಹಜ. ಬೇರಿಂಗ್ ಮತ್ತೆ ಕಡ್ಡಿ ಮಧ್ಯ ಸಣ್ಣ ಬಾಲ್ಸಾ ಸಿಬಿರು ಸಿಕ್ಕಿಸಿ ಪ್ರೊಪೆಲರ್ ಸ್ವಲ್ಪ ಕೆಳಗೆ ನೋಡೋ ಹಂಗೆ ಮಾಡಿ, 2 ಸೆಂಮೀ ಬೇರಿಂಗ್‌ಗೆ 1 ಮಿಮೀ ಅಂದ್ರೆ ಸುಮಾರು 3 ಡಿಗ್ರಿ, ಶುರುಗೆ ಅಷ್ಟು ಸಾಕು. ಕೆಲವು ಬೇರಿಂಗಲ್ಲಿ ಈ ಕೋನ ಮೊದಲೇ ಇರತ್ತೆ, ನೋಡ್ಕೊಳ್ಳಿ.

ಎಡಕ್ಕೆ ಬಿಗಿಯಾಗಿ ಸುತ್ತಿ ನೆಲಕ್ಕೆ ಬಂತಾ? ಅದು ಟಾರ್ಕ್. ಹಿಂದಿನಿಂದ ನೋಡಿದ್ರೆ ಪ್ರೊಪೆಲರ್ ಗಡಿಯಾರದ ದಿಕ್ಕಲ್ಲಿ ತಿರುಗತ್ತೆ, ಇಡೀ ವಿಮಾನ ಅದರ ಉಲ್ಟಾ ಅಂದ್ರೆ ಎಡಕ್ಕೆ ಉರುಳೋಕೆ ನೋಡತ್ತೆ. ಬೇರಿಂಗ್‌ನ ಒಂದೆರಡು ಡಿಗ್ರಿ ಬಲಕ್ಕೆ ತಿರುಗಿಸಿ. ಸಾಲ್ದಿದ್ರೆ ಎಡ ರೆಕ್ಕೆಯ ಹಿಂದಿನ ಅಂಚನ್ನ ಬಾಯಿಯ ಬಿಸಿ ಉಸಿರು ಬಿಟ್ಟು 2 ಮಿಮೀ ಕೆಳಗೆ ತಿರುಚಿ, ಆ ಕಡೆ ಎತ್ತುವಿಕೆ ಜಾಸ್ತಿ ಆಗಿ ಒಳರೆಕ್ಕೆ ಬೀಳೋದು ನಿಲ್ಲತ್ತೆ. ಮೊದಲೇ ತಿರುಚು ಶತ್ರು ಅಂದೆ, ಗೊತ್ತಿಲ್ದೆ ಬಂದ ತಿರುಚು ಶತ್ರು, ಲೆಕ್ಕ ಹಾಕಿ ಕೊಟ್ಟಿದ್ದು ನಮ್ಮ ಕಡೆಯವನು.

300 ಸುತ್ತಿಗೂ ಏರ್ತಿಲ್ಲ, ಬೇರೆಲ್ಲಾ ಸರಿ ಇದೆ ಅಂದ್ರೆ ರಬ್ಬರ್ ದಪ್ಪ ಸಾಲ್ತಿಲ್ಲ, 4 ಮಿಮೀಗೆ ಹೋಗಿ. ಉದ್ದ ಜಾಸ್ತಿ ಮಾಡಿದ್ರೆ ಹೊತ್ತು ಜಾಸ್ತಿ ತಿರುಗತ್ತೆ ಅಷ್ಟೇ, ಶಕ್ತಿ ಬರಲ್ಲ. ಎಷ್ಟು ಸುತ್ತು ತಡಿಯತ್ತೆ ಅಂತ ತಿಳ್ಕೊಳ್ಳೋಕೆ ಒಂದೇ ದಾರಿ, ಅದೇ ಅಳತೆಯ ಇನ್ನೊಂದು ಕುಣಿಕೆ ಮಾಡಿ, ವಿಮಾನದಿಂದ ದೂರ, ಕಣ್ಣಿಗೆ ಕನ್ನಡಕ ಹಾಕ್ಕೊಂಡು, ಕಿತ್ತೋಗೋವರೆಗೂ ಎಣಿಸ್ತಾ ಸುತ್ತಿ. ಬಂದ ಸಂಖ್ಯೆಯ ಮುಕ್ಕಾಲು ಭಾಗ ನಿಮ್ಮ ಮಿತಿ. ಜಾಸ್ತಿ ಸುತ್ತೋಕೆ ಶುರು ಮಾಡಿದ್ಮೇಲೆ ಬೆರಳಲ್ಲಿ ಸುತ್ತೋದು ಬಿಟ್ಟು ಕೈ ಡ್ರಿಲ್‌ಗೆ ಕೊಕ್ಕೆ ಹಾಕ್ಕೊಳ್ಳಿ, ಒಬ್ರು ವಿಮಾನ ಹಿಡ್ಕೊಂಡ್ರೆ ನೀವು ರಬ್ಬರ್‌ನ ಮೂರ್ನಾಲ್ಕು ಪಟ್ಟು ಎಳೆದು ನಿಂತು ಅರ್ಧ ಸುತ್ತು ಅಲ್ಲೇ ಮುಗಿಸಿ, ಉಳಿದಿದ್ದನ್ನ ಹತ್ರ ಬರ್ತಾ ಬರ್ತಾ ಸುತ್ತಿ. ಹಂಗೆ ಸುತ್ತಿದ್ರೆ ಗಂಟುಗಳು ಸಾಲಾಗಿ ಸಮವಾಗಿ ಕೂರ್ತವೆ.

ಟ್ರಿಮ್ ಸರಿಯಾದ ದಿನ ಬಾಲದ ಚೂರುಗಳಿಗೆ ಪಕ್ಕಾ ಅಂಟು ಹಾಕಿ, ಬೇರಿಂಗ್ ಸಿಬಿರಿಗೂ ಒಂದು ಹನಿ. ರೆಕ್ಕೆ ಕೆಳಗೆ ಪೆನ್ಸಿಲಲ್ಲಿ ಬರೆದಿಡಿ, ಒಟ್ಟು ತೂಕ, ಬ್ಯಾಲೆನ್ಸ್ ಎಲ್ಲಿ, ರಬ್ಬರ್ ಅಳತೆ, ಎಷ್ಟು ಸುತ್ತು, ಮತ್ತೆ ಫೋನ್ ನಂಬರ್, ಬಿಸಿಲೇರಿದ ಹೊತ್ತಲ್ಲಿ ಮೇಲೇಳೋ ಬಿಸಿಗಾಳಿ ಸಿಕ್ಕಿದ್ರೆ ಈ 20 ಗ್ರಾಂ ಮರ ಮರದ ತುದಿ ದಾಟಿ ಹೋಗೋದು ನಾನು ನೋಡಿದೀನಿ. ಮುರಿದ್ರೆ ಚೂರು ಒಂದೂ ಬಿಡದೆ ಎತ್ಕೊಳ್ಳಿ, ಬಾಲ್ಸಾ ಮುರಿದ ಅಂಚು ಒಂದಕ್ಕೊಂದು ಬೀಗದ ಥರ ಕೂರತ್ತೆ, ಅಂಚು ಉಜ್ಜಬೇಡಿ, ಹಂಗೇ ಸೇರಿಸಿ ಅಂಟು ಹಾಕಿ. ರಿಪೇರಿ ಆದ ತಕ್ಷಣ ರಬ್ಬರ್ ಸುತ್ತೋಕೆ ಹೋಗ್ಬೇಡಿ, ಅಂಟಿನ ತೂಕ ಸೇರಿದೆ, ರೆಕ್ಕೆ ಒಂಚೂರು ಅಲ್ಲಾಡಿರತ್ತೆ, ಮತ್ತೆ ಬೆರಳ ಮೇಲೆ ಬ್ಯಾಲೆನ್ಸ್ ನೋಡಿ, ಮತ್ತೆ ಭುಜದ ಎತ್ತರದಿಂದ ಮೂರು ಗ್ಲೈಡ್. ಮನೆಗೆ ಬಂದ್ಮೇಲೆ ರಬ್ಬರ್ ಬಿಚ್ಚಿ, ತೊಳೆದು ಒರೆಸಿ, ಬೆಳಕು ಬೀಳ್ದಿರೋ ಡಬ್ಬಿಲಿ ಇಡಿ, ಕೊಕ್ಕೆಗೆ ಬಿಗಿಯಾಗಿ ಬಿಟ್ರೆ ಬಾಡಿ ಕೂಡ ರಾತ್ರಿಯಿಡೀ ಬಾಗ್ತಾ ಇರತ್ತೆ.